ಕೊಡಲಿಯಲ್ಲಿ ಕೆತ್ತಿದ ಕಾರಿನ ಚಕ್ರ

ರಸ್ತೆಯಿಲ್ಲ, ಪೆಟ್ರೋಲ್ ಬಂಕ್ ಇಲ್ಲ, ಗ್ಯಾರೇಜಂತೂ ಇಲ್ಲವೇ ಇಲ್ಲ. ಆದರೂ 1907ರಲ್ಲಿ ಐದು ವಾಹನಗಳು ಚೀನಾದ ಪೀಕಿಂಗ್‌ನಿಂದ ಫ್ರಾನ್ಸಿನ ಪ್ಯಾರಿಸ್‌ಗೆ ಹೊರಟವು. ದಾರಿಯಲ್ಲಿ ಕೆಟ್ಟು ನಿಂತಾಗ ಅವುಗಳನ್ನು ಮುಂದಕ್ಕೆ ಸಾಗಿಸಿದವರು ಯಾರು?

1907ರ ಜುಲೈ ತಿಂಗಳು. ರಷ್ಯಾದ ಪೆರ್ಮ್ ಪಟ್ಟಣವನ್ನು ದಾಟಿ ಪಶ್ಚಿಮಕ್ಕೆ ಸಾಗುವ ಹಳ್ಳಿದಾರಿ. ದಾರಿಯ ನಡುವೆ ದೊಡ್ಡದೊಂದು ಕಾರು ನಿಂತಿದೆ. ಅದರ ಹಿಂದಿನ ಚಕ್ರ ಮುರಿದಿದೆ. ಆ ಕಾಲದ ಕಾರಿನ ಚಕ್ರವೆಂದರೆ ಇಂದಿನ ಹಾಗೆ ಉಕ್ಕಿನದ್ದಲ್ಲ, ಮರದ್ದು. ಎತ್ತಿನ ಗಾಡಿಯ ಚಕ್ರದಂತೆ ನಡುವೆ ಗುಂಭ, ಸುತ್ತ ಬಳೆ, ಎರಡನ್ನೂ ಸೇರಿಸುವ ಮರದ ಅರೆಗಳು. ಆ ಅರೆಗಳೇ ಕೈಕೊಟ್ಟಿವೆ. ಹಗ್ಗ ಸುತ್ತಿ, ಮರದ ತುಂಡುಗಳನ್ನು ಕಟ್ಟಿ ಒಂದಷ್ಟು ದೂರ ತಳ್ಳಿಕೊಂಡು ಬಂದದ್ದಾಗಿದೆ. ಇನ್ನು ಸಾಧ್ಯವಿಲ್ಲ.

ಕಾರಿನ ಯಜಮಾನ ಇಟಲಿಯ ಕುಲೀನ ಮನೆತನದವನು. ಜೊತೆಗಿರುವ ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡು ಎಂಜಿನ್ ಬಿಚ್ಚಿ ಜೋಡಿಸಬಲ್ಲವನು. ಮೂರನೆಯವನು ಯುರೋಪಿನ ಹೆಸರಾಂತ ಪತ್ರಕರ್ತ. ಹಣವಿದೆ, ವಿದ್ಯೆಯಿದೆ, ಹೆಸರಿದೆ. ಆದರೆ ಇವರಲ್ಲಿ ಯಾರಿಗೂ ಒಂದು ಮರದ ಚಕ್ರ ಮಾಡಲು ಬರುವುದಿಲ್ಲ!

ಆಗ ಯಾರೋ ಹೇಳಿದರು, ‘ಹತ್ತಿರದಲ್ಲೇ ಒಬ್ಬ ಮುದುಕನಿದ್ದಾನೆ. ಗಾಡಿ ಮಾಡುವ ಬಡಗಿ. ಅವನನ್ನು ಕೇಳಿ ನೋಡಿ.’

ಆ ಮುದುಕನ ಕಥೆಗೆ ಬರುವ ಮೊದಲು, ಈ ಮೂವರು ಅಲ್ಲಿಗೆ ಬಂದದ್ದಾದರೂ ಹೇಗೆ ಎಂದು ತಿಳಿಯೋಣ.

ಪತ್ರಿಕೆಯೊಂದರ ಸವಾಲು

ಕಾರು ಆಗಿನ್ನೂ ಹೊಸ ವಸ್ತು. ಜನಸಾಮಾನ್ಯರ ಕಾರೆಂದು ಹೆಸರಾದ ಫೋರ್ಡ್ ಮಾಡೆಲ್ ‘ಟಿ’ ಮಾರುಕಟ್ಟೆಗೆ ಬಂದದ್ದೇ 1908ರಲ್ಲಿ. ಅದಕ್ಕೂ ಮೊದಲು ಕಾರೆಂದರೆ ಸಿರಿವಂತರ ಆಟಿಕೆ. ಕುದುರೆಯನ್ನು ನಂಬಬಹುದು, ಈ ಸದ್ದು ಮಾಡುವ ಯಂತ್ರವನ್ನು ನಂಬುವುದು ಹೇಗೆ ಎಂದು ಜನ ನಗುತ್ತಿದ್ದರು.

1907ರ ಜನವರಿ 31ರಂದು ಪ್ಯಾರಿಸ್‌ನ ‘ಲ ಮತ್ಯಾಂ’ ಎಂಬ ದಿನಪತ್ರಿಕೆ ಒಂದು ಸವಾಲನ್ನು ಪ್ರಕಟಿಸಿತು. ಕಾರೊಂದಿದ್ದರೆ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಬಲ್ಲ ಎಂಬುದನ್ನು ಸಾಧಿಸಿ ತೋರಿಸಬೇಕಾಗಿದೆ. ಈ ಬೇಸಿಗೆಯಲ್ಲಿ ಪೀಕಿಂಗ್‌ನಿಂದ ಪ್ಯಾರಿಸ್‌ವರೆಗೆ ಕಾರಿನಲ್ಲಿ ಬರುವವರು ಯಾರಾದರೂ ಇದ್ದೀರಾ? ಇದು ಸವಾಲಿನ ಸಾರಾಂಶ. ಪೀಕಿಂಗ್ ಎಂದರೆ ಇಂದಿನ ಬೀಜಿಂಗ್. ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 15,000 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಏಳು ಸಲ ಹೋದಷ್ಟು ದೂರ!

ಆರಂಭದಲ್ಲಿ ಹೆಸರು ಕೊಟ್ಟವರು ಹಲವರು. ಆದರೆ ಖರ್ಚು, ಅಪಾಯಗಳ ಲೆಕ್ಕ ಹಾಕಿದ ಮೇಲೆ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಹಡಗಿನಲ್ಲಿ ಚೀನಾ ತಲುಪಿದ್ದು ಐದೇ ವಾಹನಗಳು. ಪೈಪೋಟಿಯನ್ನು ರದ್ದು ಮಾಡುವ ಮಾತೂ ಬಂತು. ‘ಇಷ್ಟು ದೂರ ಬಂದಾಗಿದೆ, ಹೊರಟೇಬಿಡೋಣ’ ಎಂದು ಬಂದವರು ನಿರ್ಧರಿಸಿದರು. ಜೂನ್ 10ರ ಬೆಳಿಗ್ಗೆ ಪೀಕಿಂಗ್‌ನ ಫ್ರೆಂಚ್ ರಾಯಭಾರ ಕಚೇರಿಯಿಂದ ಐದೂ ಗಾಡಿಗಳು ಹೊರಟವು.

ಐದು ಗಾಡಿ, ಐದು ಬಗೆ

ಐದರಲ್ಲಿ ದೊಡ್ಡದು ಇಟಲಿಯ ‘ಇಟಾಲಾ’ ಕಾರು. 7 ಲೀಟರಿಗೂ ಹೆಚ್ಚು ಗಾತ್ರದ ಎಂಜಿನ್. ಅದರ ಯಜಮಾನ ರಾಜಕುಮಾರ ಶಿಪಿಯೋನೆ ಬೊರ್ಗೇಸೆ. ಜೊತೆಯಲ್ಲಿ ಇಟಲಿಯ ಪತ್ರಕರ್ತ ಲುಯಿಜಿ ಬಾರ್ಜಿನಿ ಮತ್ತು ಮೆಕ್ಯಾನಿಕ್ ಎತ್ತೋರೆ ಗುಯಿತ್ಸಾರ್ದಿ.

ಎತ್ತೋರೆಯ ಹಿನ್ನೆಲೆ ಮನಕಲಕುವಂಥದ್ದು. ಅವನ ತಂದೆ ರೈಲು ಎಂಜಿನ್ ಚಾಲಕ. ಬೊರ್ಗೇಸೆಯ ಬಂಗಲೆಯ ಹತ್ತಿರ ನಡೆದ ರೈಲು ಅಪಘಾತವೊಂದರಲ್ಲಿ ತಂದೆ ತೀರಿಕೊಂಡ. ಅದೇ ಎಂಜಿನ್‌ನಲ್ಲಿದ್ದ ಹುಡುಗ ಎತ್ತೋರೆ ಗಾಯಗೊಂಡು ಬದುಕುಳಿದ. ರಾಜಕುಮಾರ ಅವನಿಗೆ ಆಸರೆ ಕೊಟ್ಟು ಯಂತ್ರಗಳ ಕೆಲಸ ಕಲಿಸಿದ. ಮುಂದೆ ಅವನೇ ಈ ಪಯಣದ ಜೀವಾಳವಾದ. ಸಂಜೆ ಊರು ತಲುಪಿ ಉಳಿದವರು ಊಟಕ್ಕೆ ಕುಳಿತರೆ, ಎತ್ತೋರೆ ಕಾರಿನ ಅಡಿಯಲ್ಲಿ ಮಲಗಿ ಒಂದೊಂದೇ ತಿರುಪನ್ನು ಪರೀಕ್ಷಿಸುತ್ತಿದ್ದ.

ಎರಡನೆಯದು ಹಾಲೆಂಡಿನ ‘ಸ್ಪೈಕರ್’ ಕಾರು. ಅದನ್ನು ಓಡಿಸಿದವನು ಶಾರ್ಲ್ ಗೊದಾರ್ ಎಂಬ ಫ್ರೆಂಚ್ ಸಾಹಸಿ. ಜೇಬಿನಲ್ಲಿ ಕಾಸಿಲ್ಲ, ಕಾರೂ ಸ್ವಂತದ್ದಲ್ಲ; ಧೈರ್ಯಕ್ಕೆ ಮಾತ್ರ ಕೊರತೆಯಿಲ್ಲ. ಮೂರು ಮತ್ತು ನಾಲ್ಕನೆಯವು ಫ್ರಾನ್ಸಿನ ‘ದ ದಿಯಾನ್ ಬೂತಾನ್’ ಕಂಪನಿಯ ಹತ್ತು ಅಶ್ವಶಕ್ತಿಯ ಪುಟ್ಟ ಕಾರುಗಳು.

ಐದನೆಯದು ಎಲ್ಲಕ್ಕಿಂತ ವಿಚಿತ್ರ. ‘ಕೊಂತಾಲ್’ ಎಂಬ ಮೂರು ಚಕ್ರದ ಗಾಡಿ. ಶಕ್ತಿ ಆರೇ ಅಶ್ವಶಕ್ತಿ. ನಮ್ಮ ಆಟೊಗೆ ಮುಂದೆ ಒಂದು ಚಕ್ರ, ಹಿಂದೆ ಎರಡು ತಾನೆ? ಇದಕ್ಕೆ ಮುಂದೆ ಎರಡು, ಹಿಂದೆ ಒಂದು. ಆಟೊವನ್ನು ಹಿಂದುಮುಂದಾಗಿ ಓಡಿಸಿದ ಹಾಗೆ! ಇಂಥ ಗಾಡಿಯಲ್ಲಿ ಗೋಬಿ ಮರುಭೂಮಿ ದಾಟಲು ಹೊರಟವನು ಒಗ್ಯೂಸ್ತ್ ಪೋನ್ಸ್. ಜೊತೆಗೊಬ್ಬ ಮೆಕ್ಯಾನಿಕ್.

ಕಷ್ಟದ ದಾರಿಯಲ್ಲಿ ಒಬ್ಬರಿಗೊಬ್ಬರು ನೆರವಾಗಬೇಕೆಂದು ಮೊದಲೇ ಮಾತಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಕಾರನ್ನು ಎಳೆದ ಜನ

ಕಾರಿನ ಶಕ್ತಿಯನ್ನು ತೋರಿಸಲು ಹೊರಟವರಿಗೆ ಮೊದಲ ವಾರವೇ ಮುಖಭಂಗವಾಯಿತು. ಪೀಕಿಂಗ್‌ನ ಉತ್ತರಕ್ಕೆ ಬೆಟ್ಟಗಳ ಸಾಲು. ಅಲ್ಲಿದ್ದುದು ಹೇಸರಗತ್ತೆಗಳು ನಡೆದು ಸವೆದ ಕಲ್ಲುದಾರಿ. ಬಂಡೆಗಳ ನಡುವೆ ಕಾರು ತೂರುವುದೇ ಕಷ್ಟ. ಇಟಾಲಾ ಕಾರಿನ ಮೈಯ ಭಾಗಗಳನ್ನೇ ಬಿಚ್ಚಿ ಹಗುರ ಮಾಡಬೇಕಾಯಿತು.

ಆಮೇಲೆ ಕಾರುಗಳಿಗೆ ಹಗ್ಗ ಕಟ್ಟಿದರು. ಚೀನಾದ ಕೂಲಿಯಾಳುಗಳು ಹಾಡುತ್ತ, ಕೂಗುತ್ತ ಹಗ್ಗ ಹಿಡಿದು ಎಳೆದರು. ಏರಿನಲ್ಲಿ ಮುಂದಕ್ಕೆ ಎಳೆಯುವುದು, ಇಳಿಜಾರಿನಲ್ಲಿ ಜಾರದಂತೆ ಹಿಂದಕ್ಕೆ ಎಳೆದು ಹಿಡಿಯುವುದು. ನಮ್ಮ ಊರಿನ ತೇರು ಎಳೆಯುವುದನ್ನು ನೋಡಿದವರಿಗೆ ಈ ದೃಶ್ಯ ಕಣ್ಣಿಗೆ ಕಟ್ಟಬಹುದು. ವ್ಯತ್ಯಾಸವಿಷ್ಟೇ, ಇಲ್ಲಿ ತೇರಿನ ದಾರಿ ಹತ್ತಾರು ಮೈಲಿ. ಕಾಲ್ಗನ್ ಪಟ್ಟಣ ತಲುಪುವ ತನಕ ಎಂಜಿನ್‌ಗಳಿಗಿಂತ ಮನುಷ್ಯರ ಮತ್ತು ಪ್ರಾಣಿಗಳ ತೋಳ್ಬಲವೇ ಹೆಚ್ಚು ಕೆಲಸ ಮಾಡಿತು.

ಗೋಬಿಯಲ್ಲಿ ಪೆಟ್ರೋಲ್ ಮುಗಿದಾಗ

ಕಾಲ್ಗನ್ ದಾಟಿದರೆ ಮಂಗೋಲಿಯಾದ ಬಯಲು, ಅದರಾಚೆ ಗೋಬಿ ಮರುಭೂಮಿ. ಇಲ್ಲಿ ಪೆಟ್ರೋಲ್ ಎಲ್ಲಿಂದ ಬರಬೇಕು? ಅದನ್ನು ಮೊದಲೇ ಒಂಟೆಗಳ ಮೇಲೆ ಹೇರಿ ದಾರಿಯ ಠಾಣೆಗಳಿಗೆ ಕಳುಹಿಸಿದ್ದರು. ಕಾರು ಓಡಬೇಕಾದರೆ ಒಂಟೆ ಮುಂದೆ ನಡೆದಿರಬೇಕು!

ದಾರಿ ತೋರಿಸಲು ನಕ್ಷೆ ಸಾಲದು. ಅದಕ್ಕೊಂದು ಉಪಾಯವಿತ್ತು. ಮರುಭೂಮಿಯನ್ನು ಹಾದು ಹೋಗುವ ಟೆಲಿಗ್ರಾಫ್ ಕಂಬಗಳ ಸಾಲನ್ನು ಹಿಡಿದು ಹೋಗುವುದು. ಕಂಬ ಕಣ್ಣಿಗೆ ಬೀಳುತ್ತಿದ್ದರೆ ದಾರಿ ಸರಿ. ಕಂಬ ತಪ್ಪಿದರೆ ಜೀವಕ್ಕೇ ಸಂಚಕಾರ. ನಡುನಡುವೆ, ನೂರಾರು ಮೈಲಿಗೊಂದರಂತೆ, ಒಂಟಿ ತಂತಿ ಕಚೇರಿಗಳು.

ಶಕ್ತಿಶಾಲಿಯಾದ ಇಟಾಲಾ ಮುಂದೆ ಹೋಯಿತು. ಉಳಿದ ಕಾರುಗಳು ಹಿಂದಿನಿಂದ ಸಾಗಿದವು. ಪೋನ್ಸ್‌ನ ಮೂರು ಚಕ್ರದ ಗಾಡಿ ಮಾತ್ರ ಮರಳಿನಲ್ಲಿ ಏದುಸಿರು ಬಿಡುತ್ತ ಹಿಂದೆ ಉಳಿಯಿತು. ಕೊನೆಗೆ ಪೆಟ್ರೋಲ್ ಮುಗಿಯಿತು. ಮುಂದೆ ಹೋದವರು ತಿರುಗಿ ಬರಬಹುದೆಂದು ಪೋನ್ಸ್ ಮತ್ತು ಅವನ ಜೊತೆಗಾರ ಕಾದರು. ಯಾರೂ ಬರಲಿಲ್ಲ. ಪರಸ್ಪರ ನೆರವಾಗುವ ಮಾತು ಮರುಭೂಮಿಯ ಗಾಳಿಗೆ ಹಾರಿಹೋಗಿತ್ತು.

ನೀರೂ ಇಲ್ಲ, ನೆರಳೂ ಇಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಇಬ್ಬರೂ ನಡೆದರು. ಬಾಯಾರಿಕೆಯಿಂದ ಇನ್ನೇನು ಪ್ರಾಣ ಹೋಗುತ್ತದೆ ಎನ್ನುವಾಗ ಅಲೆಮಾರಿ ಮಂಗೋಲರ ಕಣ್ಣಿಗೆ ಬಿದ್ದರು. ಭಾಷೆ ತಿಳಿಯದು, ಈ ಬಿಳಿಯರು ಯಾರೆಂದು ಗೊತ್ತಿಲ್ಲ, ಎಲ್ಲಿಂದ ಬಂದರೆಂದೂ ತಿಳಿಯದು. ಆದರೂ ಅವರು ಇಬ್ಬರನ್ನೂ ಉಪಚರಿಸಿ ಬದುಕಿಸಿದರು. ಕೊಂತಾಲ್ ಗಾಡಿ ಮಾತ್ರ ಗೋಬಿಯಲ್ಲೇ ಉಳಿಯಿತು.

ಗೊದಾರ್‌ನ ಸ್ಪೈಕರ್ ಕಾರಿಗೂ ಅದೇ ಮರುಭೂಮಿಯಲ್ಲಿ ಪೆಟ್ರೋಲ್ ಮುಗಿಯಿತು. ಅವನ ಅದೃಷ್ಟ ಸ್ವಲ್ಪ ಚೆನ್ನಾಗಿತ್ತು. ಕಾದು ಕಾದು ಸುಸ್ತಾದ ಮೇಲೆ ಅವನಿಗೆ ಪೆಟ್ರೋಲ್ ತಲುಪಿತು. ಅವನು ಮುಂದುವರಿದ.

ಪೋನ್ಸ್‌ನ ಮನೆಯಲ್ಲಿ ಆಗ ಪುಟ್ಟ ಮಗಳೊಬ್ಬಳಿದ್ದಳು. ಹೆಸರು ಲಿಲಿ. ಮುಂದೆ ಆಕೆ ಜಗತ್ತಿನ ಹೆಸರಾಂತ ಅಪೆರಾ ಗಾಯಕಿ ಲಿಲಿ ಪೋನ್ಸ್ ಆದಳು. ಗೋಬಿಯಲ್ಲಿ ಆ ಅಲೆಮಾರಿಗಳು ತಮ್ಮ ಪಾಡಿಗೆ ತಾವು ಹೋಗಿಬಿಟ್ಟಿದ್ದರೆ ಆ ಮಗುವಿಗೆ ಅಪ್ಪ ಮರಳಿ ಬರುತ್ತಿರಲಿಲ್ಲ.

ಮೊದಲ ತಂತಿ

ಮುಂದೆ ಹೋಗಿದ್ದ ಇಟಾಲಾ ಕಾರಿನ ಪತ್ರಕರ್ತ ಬಾರ್ಜಿನಿ ಗೋಬಿಯ ಒಂಟಿ ತಂತಿ ಕಚೇರಿಯೊಂದರಲ್ಲಿ ಇಳಿದ. ತನ್ನ ಪತ್ರಿಕೆಗೆ ಸುದ್ದಿ ಕಳುಹಿಸಬೇಕಿತ್ತು. ಒಳಗಿದ್ದ ಚೀನೀ ನೌಕರ ಬಹಳ ಹೊತ್ತು ತಡಕಾಡಿ ಫಾರಂ ತೆಗೆದು, ಅದರ ಮೇಲೆ ‘1’ ಎಂದು ಬರೆದ.

‘ಇವತ್ತಿನ ಮೊದಲ ತಂತಿಯೋ?’ ಎಂದು ಬಾರ್ಜಿನಿ ಕೇಳಿದ.

ಇವತ್ತಿನದಲ್ಲ, ಈ ಕಚೇರಿ ತೆರೆದಂದಿನಿಂದ ಇದೇ ಮೊದಲನೆಯದು ಎಂಬುದು ಆ ನೌಕರನ ಉತ್ತರ!

ಓದಿದರೆ ನಗು ಬರುತ್ತದೆ. ಆದರೆ ಯೋಚಿಸಿ ನೋಡಿ. ಸುತ್ತ ಕಣ್ಣು ಹಾಯಿಸಿದಷ್ಟೂ ಮರಳು. ಮಾತಾಡಲು ಜನವಿಲ್ಲ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ತಾನಾಗಿ ಒಂದು ತಂತಿಯನ್ನೂ ಕಳುಹಿಸಲು ಬಾರದ ಗಿರಾಕಿಗಳಿಗಾಗಿ ಕಚೇರಿ ತೆರೆದಿಟ್ಟು ಕಾಯುತ್ತಿದ್ದ. ದಾರಿಹೋಕರಿಗೆ ನೀರು, ನೆರಳು, ಪೆಟ್ರೋಲ್ ಡಬ್ಬಿ, ಮುಂದಿನ ಠಾಣೆಯ ಸುದ್ದಿ ಎಲ್ಲವೂ ದೊರೆತದ್ದು ಇಂಥ ಠಾಣೆಗಳಲ್ಲೇ.

ಒಂಟೆಗಳ ಸಾಲಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ಇಟಾಲಾ ನಾಲ್ಕೇ ದಿನಗಳಲ್ಲಿ ಮುಗಿಸಿ ಉರ್ಗಾ ತಲುಪಿತು. ಉರ್ಗಾ ಎಂದರೆ ಇಂದಿನ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್. ಅಲ್ಲಿನ ಚೀನೀ ಆಡಳಿತಾಧಿಕಾರಿ ಕುತೂಹಲ ತಡೆಯಲಾರದೆ ಕಾರಿನಲ್ಲಿ ಕುಳಿತು ಒಂದು ಸುತ್ತು ಹೋಗಿಬಂದ.

ಕೆಸರಿಗೆ ಎತ್ತೇ ಗತಿ

ಉರ್ಗಾ ದಾಟಿದ ಮೇಲೆ ಮರಳು ಮುಗಿದು ಜೌಗು ನೆಲ ಶುರುವಾಯಿತು. ಹಸಿರು ಹುಲ್ಲು ಕಂಡು ಗಟ್ಟಿ ನೆಲವೆಂದು ನಂಬಿ ಹೋದರೆ, ಕಾರು ಕೆಸರಿನಲ್ಲಿ ಇಳಿಯತೊಡಗಿತು. ಎಂಜಿನ್ ಜೋರು ಮಾಡಿದಷ್ಟೂ ಚಕ್ರ ತಿರುಗಿ ಇನ್ನಷ್ಟು ಆಳಕ್ಕೆ! ಮಳೆಗಾಲದಲ್ಲಿ ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರ್ ಹೂತದ್ದನ್ನು ಕಂಡವರಿಗೆ ಇದು ಗೊತ್ತು. ತಿರುಗುವ ಚಕ್ರಕ್ಕೆ ಹಿಡಿತ ಸಿಗದಿದ್ದರೆ ಅದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಸುದ್ದಿ ತಿಳಿದು ಮಂಗೋಲರು ಬಂದರು. ಎತ್ತುಗಳನ್ನು ಕಟ್ಟಿದರು. ಮರದ ತೊಲೆಗಳನ್ನು ಚಕ್ರದ ಅಡಿಗೆ ಕೊಟ್ಟರು. ಎತ್ತೂ ಎಳೆದು, ಎಂಜಿನ್ನೂ ಓಡಿ, ಮನುಷ್ಯರೂ ತಳ್ಳಿ ಕಾರು ಮೇಲೆ ಬಂತು.

ಮುಂದೆ ಸೇತುವೆಯಿಲ್ಲದ ಇರೋ ನದಿ. ನೀರು ನುಗ್ಗಿದರೆ ಮ್ಯಾಗ್ನೆಟೊ ಹಾಳಾಗುತ್ತದೆ. ಮ್ಯಾಗ್ನೆಟೊ ಎಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಸಲು ಬೇಕಾದ ವಿದ್ಯುತ್ ಕಿಡಿಯನ್ನು ಹುಟ್ಟಿಸುವ ಸಾಧನ. ಎತ್ತೋರೆ ಅದನ್ನು ಬಿಚ್ಚಿ ಒಣಗಿದ ಜಾಗದಲ್ಲಿ ಇಟ್ಟುಕೊಂಡ. ಕಿಡಿಯಿಲ್ಲದೆ ಕಾರು ಬರೀ ಕಬ್ಬಿಣದ ರಾಶಿ. ಆ ರಾಶಿಯನ್ನು ಎತ್ತುಗಳು ನೀರಿನಲ್ಲಿ ಎಳೆದು ಆಚೆ ದಡಕ್ಕೆ ಮುಟ್ಟಿಸಿದವು.

ರೈಲು ಹಳಿಯ ಮೇಲೆ ಕಾರು

ಗಡಿ ದಾಟಿ ಸೈಬೀರಿಯಾಕ್ಕೆ ಬಂದರೆ ಒಳ್ಳೆಯ ರಸ್ತೆ ಸಿಗಬಹುದೆಂಬ ಆಸೆಯಿತ್ತು. ಆದದ್ದು ಬೇರೆ. ಮಾಸ್ಕೋದಿಂದ ಪೂರ್ವ ತೀರಕ್ಕೆ ಟ್ರಾನ್ಸ್-ಸೈಬೀರಿಯನ್ ರೈಲು ಬಂದ ಮೇಲೆ ಹಳೆಯ ಹೆದ್ದಾರಿಯನ್ನು ಕೇಳುವವರೇ ಇರಲಿಲ್ಲ. ಬೈಕಲ್ ಸರೋವರದ ದಂಡೆಯಲ್ಲಿ ಮರದ ಸೇತುವೆಗಳು ಕೊಳೆತು ನಿಂತಿದ್ದವು.

ಅಂಥದ್ದೊಂದು ಸೇತುವೆಯ ಮೇಲೆ ಇಟಾಲಾ ನಿಧಾನಕ್ಕೆ ಹತ್ತಿತು. ಹಲಗೆಗಳು ಕಿರುಗುಟ್ಟಿದವು. ನಡುವೆ ಬರುವಷ್ಟರಲ್ಲಿ ಒಮ್ಮೆಲೇ ಮುರಿದವು. ಕಾರಿನ ಹಿಂಭಾಗ ಕೆಳಗೆ ಕುಸಿದು, ಮುಂದಿನ ಚಕ್ರಗಳು ಆಕಾಶ ನೋಡಿದವು. ಪ್ರಯಾಣಿಕರಿಗೆ ಪೆಟ್ಟಾಯಿತು, ಆದರೆ ಜೀವಾಪಾಯವಾಗಲಿಲ್ಲ. ಹತ್ತಿರದಲ್ಲಿ ರೈಲು ಹಳಿಯ ಕೆಲಸ ಮಾಡುತ್ತಿದ್ದ ಕೂಲಿಗಳು ಓಡಿಬಂದರು. ಹಗ್ಗ, ತೊಲೆಗಳನ್ನು ಹೂಡಿ ಗಂಟೆಗಟ್ಟಲೆ ಬೆವರು ಸುರಿಸಿ ಕಾರನ್ನು ಮೇಲೆತ್ತಿದರು. ಎತ್ತೋರೆ ಎಂಜಿನ್ ತಿರುಗಿಸಿದ. ಅಚ್ಚರಿಯೆಂದರೆ, ಅದು ಏನೂ ಆಗಿಲ್ಲವೆಂಬಂತೆ ಸದ್ದು ಮಾಡಿತು!

ಸೇತುವೆಗಳನ್ನು ನಂಬುವಂತಿಲ್ಲ ಎಂದಾದ ಮೇಲೆ ಬೊರ್ಗೇಸೆ ಒಂದು ವಿಚಿತ್ರ ಅನುಮತಿ ಕೇಳಿದ. ರೈಲು ಹಳಿಯ ಮೇಲೇ ಕಾರು ಓಡಿಸಲು ಬಿಡಿ! ಅಧಿಕಾರಿಗಳು ಒಪ್ಪಿದರು. ಒಂದು ಬದಿಯ ಚಕ್ರ ಎರಡು ಹಳಿಗಳ ನಡುವೆ, ಇನ್ನೊಂದು ಬದಿಯದು ಹಳಿಯ ಹೊರಗೆ. ಮರದ ಸ್ಲೀಪರ್‌ಗಳ ಮೇಲೆ ಗಡಗಡನೆ ಕುಲುಕುತ್ತ ಕಾರು ಸಾಗಿತು. ರೈಲಿನ ಹಾಗೇ ಅದಕ್ಕೂ ಸಮಯ ಗೊತ್ತುಮಾಡಿದ್ದರು.

ಒಂದು ಕಡೆ ಚಕ್ರ ಸ್ಲೀಪರ್‌ಗಳ ನಡುವೆ ಸಿಕ್ಕಿಹಾಕಿಕೊಂಡಿತು. ಅಷ್ಟರಲ್ಲಿ ಎದುರಿನಿಂದ ಗೂಡ್ಸ್ ರೈಲು! ಎಲ್ಲರೂ ಸೇರಿ ಮೈಯ ಬಲವನ್ನೆಲ್ಲ ಹಾಕಿ ಕಾರನ್ನು ಹಳಿಯಾಚೆ ದೂಡಿದ್ದೂ ರೈಲು ದಾಟಿಹೋದದ್ದೂ ಹೆಚ್ಚುಕಮ್ಮಿ ಒಟ್ಟಿಗೇ.

ಕಿಡಿ ಆರಿದ ಕಾರು

ಹಿಂದಿನಿಂದ ಬರುತ್ತಿದ್ದ ಗೊದಾರ್‌ಗೆ ಸೈಬೀರಿಯಾದಲ್ಲಿ ಬೇರೆಯೇ ತೊಂದರೆ. ಅವನ ಸ್ಪೈಕರ್ ಕಾರಿನ ಮ್ಯಾಗ್ನೆಟೊ ಕೆಟ್ಟಿತು. ಕಿಡಿಯಿಲ್ಲ, ಕಾರು ಅಲ್ಲಾಡದು. ಊರಿನ ಕಮ್ಮಾರ ಕಬ್ಬಿಣ ಬೆಸೆಯಬಲ್ಲ, ಬಡಗಿ ಮರ ಜೋಡಿಸಬಲ್ಲ. ಆದರೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಈ ಸಾಧನವನ್ನು ರಿಪೇರಿ ಮಾಡುವವರು ಸೈಬೀರಿಯಾದ ಹಳ್ಳಿಯಲ್ಲಿ ಎಲ್ಲಿ ಸಿಗಬೇಕು?

ಗೊದಾರ್ ರೈಲು ಹಿಡಿದು ತೋಮ್ಸ್ಕ್ ನಗರಕ್ಕೆ ಹೋದ. ಅಲ್ಲೊಂದು ತಾಂತ್ರಿಕ ವಿದ್ಯಾಸಂಸ್ಥೆಯಿತ್ತು. ಅಲ್ಲಿನವರು ಮ್ಯಾಗ್ನೆಟೊವನ್ನು ಸರಿಮಾಡಿಕೊಟ್ಟರು. ಆಮೇಲೆ ಅವನು ಹಗಲು ರಾತ್ರಿ ಎನ್ನದೆ ಕಾರು ಓಡಿಸಿ, ಎಷ್ಟೋ ಮುಂದೆ ಹೋಗಿದ್ದ ದ ದಿಯಾನ್ ಕಾರುಗಳನ್ನು ಮತ್ತೆ ಕೂಡಿಕೊಂಡ.

ಚಕ್ರಕ್ಕೊಂದು ಸ್ನಾನ

ಈಗ ಮೊದಲು ಬಿಟ್ಟಲ್ಲಿಗೆ ಬರೋಣ. ಇಟಾಲಾ ಕಾರಿನ ಆ ಹಿಂದಿನ ಚಕ್ರ ಒಮ್ಮೆಗೇ ಮುರಿದದ್ದಲ್ಲ. ಗೋಬಿಯ ಬಿಸಿಲಿನಲ್ಲಿ ಮರ ಒಣಗಿ ಕುಗ್ಗಿತ್ತು. ನಂತರ ಸೈಬೀರಿಯಾದ ಕೆಸರು, ಸೇತುವೆಯಿಂದ ಬಿದ್ದ ಪೆಟ್ಟು, ರೈಲು ಸ್ಲೀಪರ್‌ಗಳ ಕುಲುಕಾಟ. ಅರೆಗಳು ಗೂಡಿನಲ್ಲಿ ಸಡಿಲವಾಗಿ ಕಿರುಗುಟ್ಟತೊಡಗಿದವು.

ಪೆರ್ಮ್ ಪಟ್ಟಣದಲ್ಲಿ ಒಂದು ಉಪಾಯ ಹೊಳೆಯಿತು. ಚಕ್ರವನ್ನು ಬಿಚ್ಚಿ ಕಾಮಾ ನದಿಯ ಸ್ನಾನದ ಕಟ್ಟೆಗೆ ಒಯ್ದು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರು. ನೀರು ಕುಡಿದ ಮರ ಉಬ್ಬುತ್ತದೆ. ಉಬ್ಬಿದಾಗ ಅರೆಗಳು ಗೂಡಿನಲ್ಲಿ ಬಿಗಿಯಾಗುತ್ತವೆ. ನಮ್ಮ ಹಿರಿಯರನ್ನು ಕೇಳಿ. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಗಾಲಿ ಸಡಿಲವಾದರೆ ಅದನ್ನು ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿಸಿ ಇಡುತ್ತಿದ್ದ ನೆನಪು ಅವರಿಗಿರುತ್ತದೆ. ಇಟಲಿಯ ಮೋಟಾರು ಕಾರಿಗೂ ನಮ್ಮ ಗಾಡಿಗೂ ಒಂದೇ ಮದ್ದು!

ಆದರೆ ಈ ಮದ್ದಿನ ಗುಣ ಮರ ಒದ್ದೆಯಾಗಿರುವ ತನಕ ಮಾತ್ರ. ದಾರಿಯಲ್ಲಿ ಮರ ಮತ್ತೆ ಒಣಗಿತು. ಚಕ್ರ ಮುರಿಯಿತು. ಆಗ ಬಂತು ಆ ಮುದುಕ ಬಡಗಿಯ ಸುದ್ದಿ.

ಗಡ್ಡದ ಆ ಹಳ್ಳಿಗ ಹಿಂದೆಂದೂ ಕಾರಿನ ಚಕ್ರ ಮಾಡಿದವನಲ್ಲ. ಮುರಿದ ಚಕ್ರವನ್ನು ಸುತ್ತ ತಿರುಗಿಸಿ ನೋಡಿದ. ಮಾಡಿಕೊಡುತ್ತೇನೆಂದು ಒಪ್ಪಿದ. ಅವನ ಬಳಿ ಇದ್ದ ಮುಖ್ಯ ಉಪಕರಣ ಒಂದೇ, ಕೊಡಲಿ. ಅದರಲ್ಲೇ ಮರ ಸೀಳಿದ, ಅದರಲ್ಲೇ ಅರೆಗಳನ್ನು ಕೆತ್ತಿದ, ಅದರಲ್ಲೇ ಅಂಚುಗಳನ್ನು ನಯಮಾಡಿದ. ಅಳತೆ ಕಣ್ಣಿನಲ್ಲಿತ್ತು. ಕಾರ್ಖಾನೆಯಲ್ಲಿ ಯಂತ್ರ ಮಾಡುವ ಕೆಲಸವನ್ನು ಅವನ ಕೈ ಮಾಡುತ್ತಿದ್ದುದನ್ನು ಇಟಲಿಯವರು ಬೆರಗಾಗಿ ನೋಡಿದರು.

ಹೊಸ ಚಕ್ರ ಸಿದ್ಧವಾಯಿತು. ನೋಡಲು ಒರಟು. ಉಳಿದ ಮೂರು ಚಕ್ರಗಳ ನಡುವೆ ಅದು ಪೇಟೆಯ ಮದುವೆಗೆ ಬಂದ ಹಳ್ಳಿಯ ನೆಂಟನ ಹಾಗೆ ಕಾಣುತ್ತಿದ್ದಿರಬೇಕು. ಆದರೆ ಗಟ್ಟಿಯಾಗಿತ್ತು. ಅದನ್ನು ಹಾಕಿಕೊಂಡು ಕಾರು ಮತ್ತೆ ಮಾಸ್ಕೋದ ದಾರಿ ಹಿಡಿಯಿತು.

ಪ್ಯಾರಿಸ್ ತಲುಪಿದ್ದು ಯಾರು?

ಜುಲೈ 27ರಂದು ಇಟಾಲಾ ಮಾಸ್ಕೋ ಮುಟ್ಟಿತು. ಪೈಪೋಟಿಯಲ್ಲಿ ಎಷ್ಟು ಮುಂದಿದ್ದರೆಂದರೆ, ಬೊರ್ಗೇಸೆ ನೇರ ದಾರಿ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಸತ್ಕಾರ ಪಡೆದು ಬಂದ! ಆಗಸ್ಟ್ 10ರಂದು, ಹೊರಟ ಸರಿಯಾಗಿ ಎರಡು ತಿಂಗಳಿಗೆ, ಇಟಾಲಾ ಪ್ಯಾರಿಸ್ ಸೇರಿತು. ಬಹುಮಾನ ಏನು ಗೊತ್ತೇ? ದೊಡ್ಡದೊಂದು ಬಾಟಲಿ ಷಾಂಪೇನ್.

ಎರಡು ದ ದಿಯಾನ್ ಕಾರುಗಳು ಮತ್ತು ಸ್ಪೈಕರ್ ತಲುಪಿದ್ದು ಆಗಸ್ಟ್ 30ರಂದು. ಪಾಪ, ಗೊದಾರ್‌ಗೆ ತನ್ನ ಕಾರನ್ನು ಪ್ಯಾರಿಸ್ಸಿನೊಳಗೆ ಓಡಿಸುವ ಭಾಗ್ಯ ಇರಲಿಲ್ಲ. ಪಯಣಕ್ಕೆ ಹಣ ಹೊಂದಿಸಲು ಮಾಡಿದ ವಂಚನೆಯ ಆರೋಪದ ಮೇಲೆ ಕೊನೆಯ ಹಂತದಲ್ಲಿ ಅವನನ್ನು ಬಂಧಿಸಿದರು.

ಪೋನ್ಸ್? ಅವನು ಸೋಲೊಪ್ಪುವ ಮನುಷ್ಯನಲ್ಲ. ಮರುವರ್ಷ, 1908ರಲ್ಲಿ, ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ನಡೆದ ಇನ್ನೂ ದೊಡ್ಡ ಕಾರು ಪೈಪೋಟಿಗೆ ಬೇರೊಂದು ಪುಟ್ಟ ಕಾರು ತೆಗೆದುಕೊಂಡು ಬಂದ. ಆ ಕಾರು ಸುಮಾರು 150 ಕಿಲೋಮೀಟರ್ ಓಡಿ ಕೆಟ್ಟು ನಿಂತಿತು. ಅಲ್ಲಿಗೆ ಅವನ ಪೈಪೋಟಿ ಮುಗಿಯಿತು. ಈ ಸಲ ಕೆಟ್ಟದ್ದು ಮರುಭೂಮಿಯಲ್ಲಿ ಅಲ್ಲ ಎಂಬುದೇ ಸಮಾಧಾನ.

ಬಾರ್ಜಿನಿ ಈ ಪಯಣದ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದು ಹಲವು ಭಾಷೆಗಳಿಗೆ ಹೋಯಿತು. ಚೀನಾದ ತಂತಿ ನೌಕರ, ರೈಲು ಕೂಲಿಗಳು, ಕೊಡಲಿಯ ಬಡಗಿ ಇವರೆಲ್ಲ ನಮಗೆ ಗೊತ್ತಾದದ್ದು ಆ ಪುಸ್ತಕದಿಂದಲೇ.

ಸವಾಲಿಗೆ ಸಿಕ್ಕ ಉತ್ತರ

ಇಟಾಲಾ ಕಾರು ಇಂದಿಗೂ ಇಟಲಿಯ ಟೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಕಾರೊಂದಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಆ ಪತ್ರಿಕೆಯ ಸವಾಲಾಗಿತ್ತು ತಾನೆ? ಕಾರು ಪ್ಯಾರಿಸ್ ತಲುಪಿತು, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಬೆಟ್ಟ ಹತ್ತಿಸಿದ್ದು ಕೂಲಿಗಳ ಹಗ್ಗ. ಮರುಭೂಮಿ ದಾಟಿಸಿದ್ದು ಒಂಟೆ ಹೊತ್ತು ತಂದ ಪೆಟ್ರೋಲ್. ಕೆಸರಿನಿಂದ ಎತ್ತಿದ್ದು ಮಂಗೋಲರ ಎತ್ತುಗಳು. ಕಂದಕದಿಂದ ಮೇಲೆ ತಂದದ್ದು ರೈಲು ಕೆಲಸದವರ ತೋಳು. ಕೊನೆಗೆ ಚಕ್ರ ಉರುಳಿಸಿದ್ದು ಒಬ್ಬ ಮುದುಕನ ಕೊಡಲಿ. ಇವರಲ್ಲಿ ಯಾರೂ ಪೈಪೋಟಿಗೆ ಹೆಸರು ಕೊಟ್ಟವರಲ್ಲ. ಯಾರಿಗೂ ಪ್ಯಾರಿಸ್ ಎಲ್ಲಿದೆಯೆಂದು ತಿಳಿದಿರಬೇಕಾಗಿಯೂ ಇರಲಿಲ್ಲ. ಎದುರಿಗೆ ಗಾಡಿಯೊಂದು ಕೆಟ್ಟು ನಿಂತಿದೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಮುಂದಿನ ಸಲ ಊರಿಗೆ ಹೋಗುವಾಗ ರಸ್ತೆಬದಿಯಲ್ಲಿ ಬಾನೆಟ್ ಎತ್ತಿ ನಿಂತ ಕಾರೊಂದು ಕಂಡರೆ, ಅದರ ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಿಯೊಬ್ಬಳು ಕಂಡರೆ, ಅಪ್ಪನಿಗೆ ಸ್ವಲ್ಪ ನಿಲ್ಲಿಸಲು ಹೇಳಿ. ನಮಗೆ ರಿಪೇರಿ ಬಾರದಿರಬಹುದು. ಒಂದು ಬಾಟಲಿ ನೀರನ್ನಂತೂ ಕೊಡಬಹುದು.

ದೂರದ ದಾರಿಯಲ್ಲಿ ಗಾಡಿ ಕೆಟ್ಟರೆ

* ಗಾಡಿಯನ್ನು ಆದಷ್ಟು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ನಾಲ್ಕೂ ಸೂಚಕ ದೀಪಗಳನ್ನು ಹಾಕಿ. ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಇಡಿ.

* ವಾಹನಗಳು ವೇಗವಾಗಿ ಓಡುವ ಹೆದ್ದಾರಿಯಲ್ಲಿ ಮಕ್ಕಳನ್ನು ರಸ್ತೆಯ ಕಡೆಗೆ ಇಳಿಸಬೇಡಿ. ಅಂಚಿನ ಕಡೆಯಿಂದ ಇಳಿಸಿ, ತಡೆಗೋಡೆ ಇದ್ದರೆ ಅದರಾಚೆ ನಿಲ್ಲಿಸಿ.

* ಜನವಸತಿ ಇಲ್ಲದ ಮರುಭೂಮಿ, ಬಯಲುಗಳಲ್ಲಿ ಗಾಡಿಯನ್ನು ಬಿಟ್ಟು ನಡೆದುಹೋಗುವುದು ಅಪಾಯ. ಹುಡುಕಿ ಬರುವವರಿಗೆ ನಡೆದು ಹೋಗುವ ಮನುಷ್ಯನಿಗಿಂತ ನಿಂತ ಗಾಡಿ ಬೇಗ ಕಾಣುತ್ತದೆ. ಗಾಡಿಯ ನೆರಳಲ್ಲೇ ಕಾಯಿರಿ.

* ಬೇಕೆನಿಸಿದ್ದಕ್ಕಿಂತ ಹೆಚ್ಚು ಕುಡಿಯುವ ನೀರು ಒಯ್ಯಿರಿ. ಸ್ಟೆಪ್ನಿ ಟೈರಿನಲ್ಲಿ ಗಾಳಿ ಇದೆಯೇ, ಜಾಕ್ ಮತ್ತು ಸ್ಪ್ಯಾನರ್ ಗಾಡಿಯಲ್ಲಿವೆಯೇ ಎಂದು ಹೊರಡುವ ಮೊದಲೇ ನೋಡಿ.

* ಯಾವ ದಾರಿಯಲ್ಲಿ ಹೋಗುತ್ತೀರಿ, ಯಾವಾಗ ತಲುಪುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ನಿಮ್ಮನ್ನು ಹುಡುಕಲು ಆ ಒಂದು ಮಾತೇ ನೆರವಾಗಬಹುದು.